ಹಡಗು ಹತ್ತದ ಆರು ಪೆಟ್ಟಿಗೆ

ನಮ್ಮ ದೊಡ್ಡಮ್ಮ ಮಗುವಿನ ಬಟ್ಟೆ ಮಡಿಸುತ್ತಾರೆ, ಬಾಟಲಿ ಕುದಿಸಿಡುತ್ತಾರೆ, ಗಂಟೆಗೆ ನಾಲ್ಕು ಸಲ ತೊಟ್ಟಿಲ ಬಳಿ ಹೋಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಉಸಿರಾಟ ನೋಡುತ್ತಾರೆ. ಎತ್ತಿಕೊಳ್ಳುವುದಿಲ್ಲ ಅಷ್ಟೇ. ನನ್ನ ಮಗಳಿಗೆ ಐದು ತಿಂಗಳು ತುಂಬಿದರೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ನನ್ನ ಹೆರಿಗೆ ರಜೆ ಮುಗಿದು ಸೋಮವಾರದಿಂದ ಕೆಲಸಕ್ಕೆ ಹೋಗಬೇಕಿತ್ತು. ಅತ್ತೆ ತೀರಿಕೊಂಡ ಮೇಲೆ ಅವರ ಅಕ್ಕನಾದ ಈ ದೊಡ್ಡಮ್ಮನೇ ಮನೆಗೆ ಹಿರಿಯರು, ಹಗಲು ಮನೆಯಲ್ಲಿರುವವರೂ ಅವರೊಬ್ಬರೇ. ಮಗುವನ್ನು ಮುಟ್ಟದವರ ಬಳಿ ಮಗು ಬಿಟ್ಟು ಹೋಗುವುದು ಹೇಗೆಂದು ನನಗೆ ಊಟ ಸೇರುತ್ತಿರಲಿಲ್ಲ.

"ಎತ್ಕೊಳ್ಳಿ ದೊಡ್ಡಮ್ಮ, ಕಚ್ಚೋಕೆ ಅದಕ್ಕಿನ್ನೂ ಹಲ್ಲು ಬಂದಿಲ್ಲ" ಎಂದು ನನ್ನ ಗಂಡ ಕೀಟಲೆ ಮಾಡಿದರೆ, "ನನ್ನ ಕೈ ತಣ್ಣಗಿದೆ ಕಣೋ" ಎನ್ನುತ್ತಿದ್ದರು. ನಡು ಬೇಸಿಗೆಯಲ್ಲೂ ಅದೇ ಉತ್ತರ.

ದೊಡ್ಡಮ್ಮ ಮೂವತ್ತೊಂದು ವರ್ಷ ರಫ್ತು ಖಾತರಿ ಕಚೇರಿಯಲ್ಲಿದ್ದವರು. ಅದು ಸರ್ಕಾರದ್ದೇ ಕಚೇರಿ. ನಮ್ಮ ದೇಶದ ಒಂದು ಸಣ್ಣ ಕಾರ್ಖಾನೆ, ಈಗಷ್ಟೇ ಚಿಗುರುತ್ತಿರುವ ಯಾವುದೋ ದೂರದೇಶಕ್ಕೆ ಯಂತ್ರ ಮಾರಬೇಕು ಅಂದುಕೊಳ್ಳಿ. ಕೊಂಡವನು ದಿವಾಳಿಯಾದರೆ, ಅಲ್ಲಿ ಸರ್ಕಾರವೇ ಬಿದ್ದುಹೋದರೆ, ದುಡ್ಡು ಗಡಿ ದಾಟಬಾರದೆಂದು ಅಪ್ಪಣೆಯಾದರೆ ಗತಿಯೇನು? ನಷ್ಟವಾದರೆ ನಾವಿದ್ದೇವೆ ಎಂದು ಈ ಕಚೇರಿ ಒಂದು ಪತ್ರ ಕೊಡುತ್ತದೆ. ಆ ಪತ್ರ ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ, ಸರಕು ಹಡಗು ಹತ್ತುತ್ತದೆ. ಪತ್ರವಿಲ್ಲದಿದ್ದರೆ ಇಲ್ಲ.

ಕೊಳ್ಳುವವರನ್ನು ಅಳೆದು ನೋಡುವ ಮೇಜು ದೊಡ್ಡಮ್ಮನದು. ಸಮುದ್ರವನ್ನೇ ಕಾಣದ ಅವರಿಗೆ ನಲವತ್ತು ದೇಶಗಳ ಬ್ಯಾಂಕುಗಳು, ಬಂದರುಗಳು, ಮಾತು ತಪ್ಪುವ ಮಂತ್ರಿಗಳು ಎಲ್ಲ ಬಾಯಿಪಾಠ. ಕೊಳ್ಳುವವನು ಯಾರೆಂದು ಗೊತ್ತಾಗುವ ಮೊದಲೇ ಖಾತರಿ ಕೇಳಿ ಬಂದವರಿಗೆ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡಿ, ಹೋಗಿ" ಎನ್ನುತ್ತಿದ್ದರಂತೆ. ಅನುಮಾನ ಬಂದ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ 'ತಡೆ' ಎಂದು ಬರೆಯುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರೂ 'ತಡೆಯಮ್ಮ' ಎಂದೇ ಕರೆಯುತ್ತಿದ್ದರು. ತಡೆಯಮ್ಮನ ಮೇಜು ದಾಟಿದರೆ ಸಾಕು, ಸಮುದ್ರ ಏನು ಮಹಾ ಎಂಬುದು ಅಲ್ಲಿನ ಗಾದೆ. ಅವರು ಮಹಡಿಯ ಸಾಹೇಬರಿಗೆ ಕಳಿಸಿದ ಒಂದು ಫೈಲೂ ಎಂದೂ ತಿರಸ್ಕೃತವಾಗಿ ಕೆಳಗೆ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ನಾನು ಸ್ನಾನಕ್ಕೆ ಹೋಗಿದ್ದೆ. ಮಗು ಅಳತೊಡಗಿತು. ಈಗ ಎತ್ತಿಕೊಂಡಾರು, ಈಗ ಎತ್ತಿಕೊಂಡಾರು ಎಂದು ಕಾದೆ. ಅಳು ಏರುತ್ತಲೇ ಹೋಯಿತು. ನೊರೆಗೂದಲಲ್ಲೇ ಓಡಿ ಬಂದು ನೋಡಿದರೆ ದೊಡ್ಡಮ್ಮ ತೊಟ್ಟಿಲ ಮುಂದೆ ಕಂಬದ ಹಾಗೆ ನಿಂತಿದ್ದಾರೆ, ಕೈ ಬೆನ್ನ ಹಿಂದೆ. ಮಗುವಿನ ಮುಖ ಕೆಂಡದಂತಾಗಿತ್ತು.

"ಏನು ನೋಡ್ತಿದೀರಿ? ಕಲ್ಲಾದ್ರೂ ಕರಗುತ್ತೆ" ಎಂದುಬಿಟ್ಟೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು.

ಅವರು ನೆಲದ ಮೇಲೆ ಕುಳಿತರು. ನಾನು ಮಗುವನ್ನು ಎದೆಗೆ ಹಾಕಿಕೊಂಡ ಮೇಲೆ ನಿಧಾನವಾಗಿ ಹೇಳಿದರು.

"ದಿನ ತುಂಬದೆ ಹುಟ್ಟಿದ ಮಕ್ಕಳನ್ನ ಬೆಚ್ಚಗಿಡೋ ಗಾಜಿನ ಪೆಟ್ಟಿಗೆ ಇರುತ್ತಲ್ಲ, ಅದನ್ನ ಮಾಡೋ ಕಾರ್ಖಾನೆಯವರು ಬಂದಿದ್ರು. ಆರು ಪೆಟ್ಟಿಗೆ. ಕೊಳ್ಳೋದು ದೂರದೇಶದ ಒಂದು ಆಸ್ಪತ್ರೆ. ಅಲ್ಲಿ ಗಲಾಟೆ ಶುರುವಾಗಿತ್ತು. ಅಲ್ಲಿನ ಸರ್ಕಾರದ ಭರವಸೆ ಪತ್ರ ಬ್ಯಾಂಕಿನ ಮೂಲಕ ಬರ್ಬೇಕು ಅಂತ ನಿಯಮ. ಬ್ಯಾಂಕು ಬಾಗಿಲು ಹಾಕಿದೆ ಅಂತ ಆ ಆಸ್ಪತ್ರೆ ಡಾಕ್ಟರು ಅದನ್ನ ತಾವೇ ಲಕೋಟೆಗೆ ಹಾಕಿ ಕಳಿಸಿದ್ರು. ಜೊತೆಗೊಂದು ಫೋಟೋ. ಖಾಲಿ ಕೋಣೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಚೌಕ ಬರೆದು ಜಾಗ ಗುರುತು ಮಾಡಿದ್ರು."

"ತಡೆ ಅಂತ ಬರೆದ್ರಾ?"

"ನಿಯಮ ಹಾಗಿತ್ತಲ್ಲ. ಆದ್ರೆ ಇನ್ನೊಂದು ದಾರೀನೂ ಇತ್ತು. ನಮ್ಮ ಕಚೇರಿ ನಿಯಮಕ್ಕೆ ಆಗದ್ದನ್ನ ಸರ್ಕಾರ ನೇರವಾಗಿ ತನ್ನ ಹೊಣೆ ಮೇಲೆ ಮಾಡ್ಬಹುದು. ಅದಕ್ಕೆ ನಾನು ಫೈಲನ್ನ ಮಹಡಿಗೆ ಕಳಿಸ್ಬೇಕಿತ್ತು, ಅಷ್ಟೇ. ಸಾಹೇಬರು ಬೇಡ ಅಂದ್ರೆ? ತಡೆಯಮ್ಮನ ಫೈಲು ವಾಪಸ್ ಬಂತು ಅಂತಾರಲ್ಲ. ಆ ಜಂಬಕ್ಕೆ ಕಳಿಸಲಿಲ್ಲ. ಅಪೂರ್ಣ ಅಂತ ಬರೆದು ಲಕೋಟೆ ಹಿಂದಕ್ಕೆ ಕಳಿಸ್ದೆ. ಅದು ಹೋಗಿ ಬರೋಕೇ ಆರೇಳು ವಾರ. ಮತ್ತೆ ಬರಲೇ ಇಲ್ಲ."

ನಾಲ್ಕು ತಿಂಗಳಲ್ಲಿ ಆ ದೇಶ ಯಾರಿಗೂ ದುಡ್ಡು ಕೊಡುವುದಿಲ್ಲವೆಂದು ಕೈಯೆತ್ತಿತಂತೆ. ಸಾಹೇಬರು ಎಲ್ಲರನ್ನೂ ಸೇರಿಸಿ, ಕಚೇರಿಯನ್ನು ಉಳಿಸಿದವರು ಇವರು ಎಂದು ದೊಡ್ಡಮ್ಮನಿಗೆ ಚಪ್ಪಾಳೆ ತಟ್ಟಿಸಿದರಂತೆ. ಕಾರ್ಖಾನೆಯವರು ಪೆಟ್ಟಿಗೆಗಳನ್ನು ಬೇರೆ ಕಡೆ ಮಾರಿಕೊಂಡರು. ಯಾರಿಗೂ ನಷ್ಟವಿಲ್ಲ.

"ಮತ್ತೆ ಆ ಮಕ್ಕಳು?" ಎಂದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

"ಗೊತ್ತಿಲ್ಲ. ಗೊತ್ತಿದ್ದಿದ್ರೆ ಅತ್ತು ಮುಗಿಸ್ಬಹುದಿತ್ತು. ಎಲ್ಲಿ ಮಗು ಮಲಗಿದ್ರೂ ಅದರ ಸುತ್ತ ಬಿಳಿ ಗೆರೆ ಕಾಣುತ್ತೆ. ಗೆರೆ ದಾಟೋಕೆ ಕೈ ಬರಲ್ಲ ನನಗೆ."

ಆ ಕ್ಷಣದಿಂದ ನನಗೆ ತೊಟ್ಟಿಲ ಕೆಳಗಿನ ನೆಲವನ್ನು ನೋಡಲೇ ಭಯವಾಯಿತು. ಅಲ್ಲಿ ಏನೂ ಇರಲಿಲ್ಲ. ಎರಡು ಸಲ ಒರೆಸಿದೆ. ಶನಿವಾರ ಶಿಶುಪಾಲನಾ ಕೇಂದ್ರಕ್ಕೆ ಫೋನು ಮಾಡಿದರೆ ಮೂರು ತಿಂಗಳು ಕಾಯಬೇಕೆಂದರು. ಕೆಲಸ ಬಿಟ್ಟೇಬಿಡಲೇ ಎಂದರೆ ಗಂಡ, "ದೊಡ್ಡಮ್ಮ ಇದಾರಲ್ಲ" ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದರು. ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಹೇಳಲು ನನಗೂ ಬಾಯಿ ಬರಲಿಲ್ಲ.

ಭಾನುವಾರ ಸಂಜೆ ದೊಡ್ಡಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. "ನಾಳೆ ಹೊರಡುವಾಗ ತೊಟ್ಟಿಲಲ್ಲಿ ಮಲಗಿಸಿ ಹೋಗ್ಬೇಡ ಕಣಮ್ಮ. ನನ್ನ ಕೈಗೆ ಹಾಕಿ ಹೋಗು. ತೊಟ್ಟಿಲಲ್ಲಿ ಬಿಟ್ಟರೆ ನಾನು ನಿಂತು ನೋಡ್ತಾನೇ ಇರ್ತೀನಿ."

ಸೋಮವಾರ ಅವರು ಗೋಡೆಗೆ ಒರಗಿ, ಕಾಲು ಚಾಚಿ ಕುಳಿತರು. ನಾನು ಮಗುವನ್ನು ಅವರ ತೋಳಿಗೆ ಇಳಿಸಿದೆ. ತೋಳು ಸೌದೆಯ ಹಾಗೆ ಬಿಗಿದಿತ್ತು. ಕೈ ನಿಜವಾಗಿಯೂ ತಣ್ಣಗಿತ್ತು. ಮಗು ಬೆಚ್ಚಿ, ಕಿರುಚಿ ಅತ್ತಿತು. ಅವರು ಕಣ್ಣು ಮುಚ್ಚಿಕೊಂಡರು, ಆದರೆ ಕೈ ಬಿಡಲಿಲ್ಲ.

ಬಾಗಿಲು ಎಳೆದುಕೊಂಡು ಹೊರಬಂದು ಮೆಟ್ಟಿಲ ಮೇಲೆ ನಿಂತೆ. ಬಸ್ಸಿಗೆ ಹೊತ್ತಾಗಿತ್ತು. ಒಳಗೆ ಅಳು ನಡೆದೇ ಇತ್ತು, ಆಮೇಲೆ ಥಟ್ಟನೆ ನಿಂತಿತು. ಅಳು ನಿಂತರೆ ತಾಯಿಗೆ ಸಮಾಧಾನವಾಗಬೇಕು. ನನಗೆ ಆಗಲಿಲ್ಲ. ಬಾಗಿಲ ಕಡೆಗೆ ಎರಡು ಮೆಟ್ಟಿಲು ವಾಪಸ್ ಹತ್ತಿದೆ.

"ಉಸಿರಾಡ್ತಿದೆ" ಎಂದಿತು ಬಾಗಿಲ ಆಚೆಯಿಂದ ದೊಡ್ಡಮ್ಮನ ದನಿ, ತೀರ ಹತ್ತಿರದಿಂದ. ಮಗುವನ್ನೆತ್ತಿಕೊಂಡು ಬಾಗಿಲವರೆಗೂ ನಡೆದು ಬಂದಿದ್ದರು. "ನೀನಿನ್ನು ಹೊರಡು."