ಗುದ್ಲೆಪ್ಪನವರು ಸುಣ್ಣ ಹಚ್ಚಿಸಿದ ಗೋಡೆ

ನಮ್ಮೂರಿನ ಗುದ್ಲೆಪ್ಪನವರಿಗೆ ಎರಡು ಮನೆ. ಒಂದರಲ್ಲಿ ತಾವು ಮತ್ತು ಹೆಂಡತಿ ಸುಶೀಲವ್ವ. ಹಿಂದಿನ ಓಣಿಯ ಇನ್ನೊಂದರಲ್ಲಿ ಗಾದಿ ತುಂಬುವ ಕುತುಬುದ್ದೀನ, ಅವನ ಹೆಂಡತಿ ಖತೀಜಾಬಿ, ಮೂರು ಮಕ್ಕಳು ಬಾಡಿಗೆಗಿದ್ದರು. ಎರಡು ಮನೆ ಇದ್ದವರನ್ನು ನಮ್ಮ ಕಡೆ ಸಾಹುಕಾರ ಎನ್ನುತ್ತಾರೆ. ಈ ಸಾಹುಕಾರರ ಅಂಗಿಗೆ ಎರಡೂ ಮೊಣಕೈಯಲ್ಲಿ ತ್ಯಾಪೆ ಇತ್ತು.

೧೯೫೮ರ ಸಂಕ್ರಾಂತಿ ಮುಗಿದ ವಾರ. ಸಾರಾಯಿಗೆ ಸರಕಾರದ ನಿಷೇಧ ಇದ್ದ ಕಾಲ ಅದು. ಒಂದು ಮುಂಜಾನೆ ಪೊಲೀಸರು ಹಿಂದಿನ ಓಣಿಗೆ ಬಂದರು. ಕಳ್ಳಭಟ್ಟಿಯ ಕೊಡ ಹೂಳಿಟ್ಟ ಮನೆ ಇದೇ ಎಂದು ಬೆರಳು ಮಾಡಿ ತೋರಿಸಿದವನು ಮುನಸಿಪಾಲ್ಟಿಯ ಸಿಪಾಯಿ. ಪೊಲೀಸರು ಕುತುಬುದ್ದೀನನ ಬಾಗಿಲು ಮುರಿದರು, ಗಾದಿ ಹರಿದರು, ಪಡಸಾಲೆಯನ್ನು ಗೋಡೆಯ ಬುಡದವರೆಗೂ ಅಗೆದರು. ಹತ್ತಿ ಮನೆತುಂಬ ಹಾರಿತೇ ಹೊರತು ಒಂದು ಹನಿ ಸಾರಾಯಿ ಸಿಗಲಿಲ್ಲ. ಸಿಪಾಯಿ ತೋರಿಸಿದ ಮನೆಯೇ ತಪ್ಪಾಗಿತ್ತು. ಅವರು ಹೋದ ಮೇಲೆ, ಬುಡದ ಕಲ್ಲು ಕಳೆದುಕೊಂಡ ಗೋಡೆ ಕೈ ತೂರುವಷ್ಟು ಬಿರಿಯಿತು.

ಕುತುಬುದ್ದೀನನ ಸಂಸಾರ ಗುದ್ಲೆಪ್ಪನವರ ದನದ ಕೊಟ್ಟಿಗೆಗೆ ಬಂತು. "ಮಳಿಗಾಲ ಹಿಡಿಯೋದ್ರಾಗ ಗ್ವಾಡಿ ಕಟ್ಟಿಸಿ ನಿಮ್ಮನ್ನ ಆ ಮನ್ಯಾಗ ಇಡ್ತೇನಿ" ಎಂದು ಅವರು ಮಾತು ಕೊಟ್ಟರು. ಕಟ್ಟಿಸುವ ಶಕ್ತಿ ಅವರಿಗಿರಲಿಲ್ಲ. ಪರಿಹಾರ ಕೇಳಿ ಅರ್ಜಿ ಬರೆದುಕೊಟ್ಟವನು ನಾನು, ಸಾಲಿಯ ಮಾಸ್ತರ. ಪೊಲೀಸರು ಮುನಸಿಪಾಲ್ಟಿಯನ್ನು ಕೇಳಿ ಎಂದರು, ಮುನಸಿಪಾಲ್ಟಿಯವರು ಪೊಲೀಸರನ್ನು ಕೇಳಿ ಎಂದರು. ಶಿಗ್ಗಾವಿ, ಸವಣೂರು ಎಂದು ಗುದ್ಲೆಪ್ಪನವರು ನಾಲ್ಕು ತಿಂಗಳು ಅಲೆದರು. ಹನ್ನೊಂದನೇ ಅರ್ಜಿಗೆ ಉತ್ತರ ಬಂತು. ಸೋಮವಾರ ಓವರಸಿಯರ್ ಸಾಹೇಬರು ಮನೆ ನೋಡಲು ಬರುತ್ತಾರೆ!

"ಸಾಯೇಬ್ರು ಕಾಲಿಡೋ ಮನಿ ಹಿಂಗ ಹಾಳು ಸುರೀಬೇಕೇನ್ರಿ? ಮಂದಿ ಏನಂದಾರು?" ಎಂದರು ಸುಶೀಲವ್ವ.

ಹೌದಲ್ಲ ಎನ್ನಿಸಿತು ಎಲ್ಲರಿಗೂ. ಗುದ್ಲೆಪ್ಪನವರು ತಮ್ಮ ಮನೆಯ ಬಾಗಿಲನ್ನೇ ಕಿತ್ತು ತಂದು ಅಲ್ಲಿ ಕೂಡಿಸಿದರು. ಕುತುಬುದ್ದೀನ ತಗ್ಗಿಗೆ ಮಣ್ಣು ಸುರಿದ, ಖತೀಜಾಬಿ ಸೆಗಣಿಯಿಂದ ಸಾರಿಸಿದಳು. ಬಿರುಕಿಗೆ ಹುಲ್ಲು ಕಲಸಿದ ಮಣ್ಣು ಮೆತ್ತಿ ಮೇಲೆ ಎರಡು ಸಲ ಸುಣ್ಣ ಹಚ್ಚಿದೆವು. ಸುಣ್ಣದ ಗಡಿಗೆ ಹಿಡಿದವನು ನಾನೇ. ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ನನಗೂ ಹೊಳೆಯಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಾಹೇಬರು ಬಂದರು, ಜಮಖಾನೆಯ ಮೇಲೆ ಕೂತು ಅವಲಕ್ಕಿ ತಿಂದರು. ಚಹಾ ಕುಡಿಯುತ್ತ ಸುತ್ತ ನೋಡಿದರು.

"ಮನಿ ಭಾಳ ಚೊಲೊ ಇಟ್ಟೀರಿ. ಹಾನಿ ಎಲ್ಲಿ ಆಗೇತಿ?"

ಗುದ್ಲೆಪ್ಪನವರು ಗೋಡೆಯ ಕಡೆ ಓಡಿದರು. "ಇಲ್ಲೇ ಐತ್ರಿ ಸಾಯೇಬ್ರ, ಈ ಸುಣ್ಣದ ಒಳಗ" ಎನ್ನುತ್ತ ಗೋಡೆಯನ್ನು ಉಗುರಿನಿಂದ ಕೆರೆಯತೊಡಗಿದರು. ಮೆತ್ತಿದ ಮಣ್ಣು ಉದುರಿತು, ಬೆರಳಲ್ಲಿ ರಕ್ತ ಬಂತು.

ಸಾಹೇಬರು ಕಪ್ಪು ಕೆಳಗಿಟ್ಟರು. "ನನ್ನ ಕಣ್ಣಮುಂದ ಗ್ವಾಡಿ ಕೆಡವಿ ಪರಿಹಾರ ಕೇಳ್ತೀರೇನು? ವಯಸ್ಸಾದವ್ರು ಅಂತ ಸುಮ್ಮನಿದ್ದೇನಿ."

ನಾನು ನಡುವೆ ಬಾಯಿ ಹಾಕಿದೆ. ಅವರು ನನ್ನ ಧೋತರದ ಮೇಲಿನ ಸುಣ್ಣದ ಕಲೆ ನೋಡಿ ನಕ್ಕರು. 'ಮನೆ ಸುಸ್ಥಿತಿಯಲ್ಲಿದೆ, ಹಾನಿ ಕಂಡುಬಂದಿಲ್ಲ' ಎಂದು ಬರೆದು ಎದ್ದುಹೋದರು.

ಮಳೆಗಾಲ ಹಿಡಿದು, ಮಿರಗದ ಮೊದಲ ಮಳೆಗೇ ಗೋಡೆ ಕುಸಿಯಿತು. ಮರುದಿನ ಕುತುಬುದ್ದೀನ ಪಾತ್ರೆ, ಮಕ್ಕಳನ್ನು ಚಕ್ಕಡಿಗೆ ಹೇರಿ ಹುಲಗೂರಿನ ಮಾವನ ಮನೆಗೆ ಹೊರಟ. "ನಿಮ್ಮ ಕೈಲಾಗಿದ್ದು ನೀವು ಮಾಡೀರಿ, ಯಜಮಾನ್ರ" ಎಂದು ಗುದ್ಲೆಪ್ಪನವರ ಕೈ ಹಿಡಿದ.

ಚಕ್ಕಡಿ ಹೋದ ಮೇಲೆ ಗುದ್ಲೆಪ್ಪನವರು ಮಳೆಯಲ್ಲಿ ತೊಯ್ಸಿಕೊಂಡೇ ನಮ್ಮ ಮನೆಗೆ ಬಂದರು.

"ಮಾಸ್ತರ, ಇನ್ನೊಂದು ಅರ್ಜಿ ಬರೀರಿ."

ಕಾಗದ ತೆಗೆದೆ. "ಯಾರಿಗೆ ಬರೀಲಿ, ಗುದ್ಲೆಪ್ಪನವರ?"

"ಅದನ್ನ ನೀವ ಹೇಳ್ಬೇಕ್ರಿ" ಎಂದರು.

ನಾನು ತಾರೀಖು ಹಾಕಿ, 'ಇವರಿಗೆ' ಎಂದು ಬರೆದು, ಕೆಳಗಿನ ಸಾಲು ಖಾಲಿ ಬಿಟ್ಟೆ.