ಹೇಳಿ ಮುರಿಯುವ ಮರ

ಬೆಳಗಿನ ಆರು ಗಂಟೆ. ಬೀಚ್ ಫೋರ್ಕ್ ಕಣಿವೆಯ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಇಬ್ಬನಿ ಹೆಪ್ಪುಗಟ್ಟಿದೆ. ಮನೆ ಹಿಂದಿನ ತಗಡಿನ ಚಪ್ಪರದ ಮುಂದೆ ಅರವತ್ತಮೂರರ ಆರ್ಫಾ ಲೆಡ್‌ಫರ್ಡ್ ಒಂದು ಹಿಕರಿ ಮರದ ದಿಮ್ಮಿಯನ್ನು ಸುತ್ತು ಹಾಕುತ್ತಿದ್ದಾರೆ. ಕೊಯ್ದ ತುದಿಗೆ ಉಗುರು ತಾಗಿಸಿ ಮರ ವರ್ಷಕ್ಕೊಂದರಂತೆ ಬೆಳೆಸಿದ ಬಳೆಗಳನ್ನು ಎಣಿಸುತ್ತಾರೆ. ಒಂದು ಕಡೆ ಕಬ್ಬಿಣದ ಬೆಣೆ ಇಟ್ಟು, ಸುತ್ತಿಗೆಯಿಂದ ಎರಡೇ ಏಟು ಹಾಕಿ, ತಲೆ ವಾಲಿಸಿ ನಿಲ್ಲುತ್ತಾರೆ.

"ಸ್ವಲ್ಪ ಸುಮ್ನಿರಿ. ಅದು ಶುರು ಮಾಡಿದೆ" ಎನ್ನುತ್ತಾರೆ.

ದಿಮ್ಮಿಯೊಳಗಿಂದ ಚಿಟಿಚಿಟಿ ಸದ್ದು. ಹೊಸ ಚಪ್ಪಲಿ ಕಿರುಗುಟ್ಟಿದ ಹಾಗೆ. ಬಿರುಕು ತನ್ನಷ್ಟಕ್ಕೆ ತಾನೇ ದಿಮ್ಮಿಯುದ್ದ ನಡೆದುಹೋಗುತ್ತದೆ. ಇನ್ನೊಂದು ಬೆಣೆ, ಇನ್ನೆರಡು ಏಟು. ಎದೆಯೆತ್ತರದ ದಿಮ್ಮಿ ಎರಡು ಹೋಳಾಗಿ ಬೀಳುತ್ತದೆ.

ಆರ್ಫಾ ಕೊಡಲಿಗೆ ಕಾವು, ಅಂದರೆ ಮರದ ಹಿಡಿ, ಮಾಡುವವರು. ಪೂರ್ವ ಟೆನೆಸಿಯ ಈ ಗುಡ್ಡಗಳಲ್ಲಿ ಹಿಕರಿ ಗೊತ್ತಿಲ್ಲದವರಿಲ್ಲ. ಚಳಿಗಾಲದಲ್ಲಿ ಹಂದಿಯ ತೊಡೆ ಕೆಡದಂತೆ ಹೊಗೆಮನೆಯಲ್ಲಿ ಕಟ್ಟಿ ಹೊಗೆ ಹಾಕುವುದು ಇದರ ಕಟ್ಟಿಗೆಯಲ್ಲೇ. ಕೇಕಿಗೆ ಬೀಳುವುದು ಇದರ ಕಾಯಿ. ಜೂನಿನಲ್ಲಿ ಮರಕ್ಕೆ ರಸ ಏರಿದಾಗ ಸುಲಿದ ಒಳತೊಗಟೆಯಿಂದ ಆರ್ಫಾರ ತಾಯಿ ಕುರ್ಚಿ ಹೆಣೆಯುತ್ತಿದ್ದರು. ಆ ಕುರ್ಚಿಗಳ ಪೈಕಿ ಒಂದು ಇಂದಿಗೂ ಅಡುಗೆಮನೆಯಲ್ಲಿದೆ. ಶಾಲೆ ಬಸ್ಸು ಓಡಿಸಿ ನಿವೃತ್ತರಾದ ಪತಿ ಹೋಯ್ಟ್, ಇನ್ನೂರ ನಲವತ್ತು ಪೌಂಡ್ ತೂಕದ ಆಸಾಮಿ, ದಿನಾ ಅದರ ಮೇಲೇ ಕೂತು ಕಾಫಿ ಕುಡಿಯುತ್ತಾರೆ.

ಮರವನ್ನು ಗರಗಸದಲ್ಲಿ ಕೊಯ್ಯದೆ ಸೀಳುವುದು ಏಕೆ ಎಂದರೆ ಆರ್ಫಾ ಒಂದು ಸೀಳನ್ನೇ ಕೈಗೆ ಕೊಡುತ್ತಾರೆ. "ಬೆರಳಾಡಿಸಿ ನೋಡಿ. ಮರದ ನಾರಿನ ಎಳೆ ಒಂದು ಕಡೆ ಸೊಟ್ಟ ಇದ್ರೆ ಸೀಳೂ ಸೊಟ್ಟಾನೇ ಬರುತ್ತೆ. ಕಣ್ಣಿಗೆ ಬೀಳುತ್ತೆ, ಆಚೆ ಎಸೀತೀನಿ. ಗರಗಸದಲ್ಲಿ ಕೊಯ್ದ್ರೆ ಸೊಟ್ಟ ಮರಾನೂ ನೆಟ್ಟಗೆ ಕಾಣುತ್ತೆ. ಆಮೇಲೆ ಕಾಡಲ್ಲಿ ಯಾರದೋ ಕೈಯಲ್ಲಿ ಅದರ ಬಂಡವಾಳ ಬಯಲಾಗುತ್ತೆ."

ಸೀಳಿದ ತುಂಡುಗಳು ಒಂದೂವರೆ ವರ್ಷ ಅಟ್ಟದ ಮೇಲೆ ಒಣಗುತ್ತವೆ. ಹಿಕರಿಯಷ್ಟು ಕುಗ್ಗುವ ಮರ ಈ ಕಾಡಿನಲ್ಲಿ ಕಡಿಮೆ. ಹಸಿಯಲ್ಲೇ ಕೂರಿಸಿದ ಕಾವು ಎರಡು ತಿಂಗಳಲ್ಲಿ ಸಡಿಲವಾಗುತ್ತದೆ. ಮರ ಕಡಿಯುವುದೂ ಚಳಿಯಲ್ಲೇ. ಬೇಸಿಗೆಯಲ್ಲಿ ಕಡಿದರೆ ಹುಳ ಹೊಕ್ಕು ಹಿಟ್ಟು ಮಾಡಿಬಿಡುತ್ತದೆ. ಒಣಗಿದ ತುಂಡನ್ನು, ಕಾಲಲ್ಲಿ ಒತ್ತಿದರೆ ಕಚ್ಚಿ ಹಿಡಿಯುವ ಉದ್ದ ಬೆಂಚಿಗೆ ಸಿಕ್ಕಿಸಿ, ಎರಡು ಹಿಡಿಯ ಕತ್ತಿಯನ್ನು ಎದೆಯ ಕಡೆಗೆ ಎಳೆಯುತ್ತಾ ಹೆರೆಯುತ್ತಾರೆ. ದಿನಕ್ಕೆ ನಾಲ್ಕು ಕಾವು, ಬೆರಳುಗಳು ನೋಯದ ದಿನ ಐದು. ಇಪ್ಪತ್ತಾರು ವರ್ಷದಿಂದ ಇದೇ ಲೆಕ್ಕ.

ಅದಕ್ಕೂ ಮೊದಲು ಹನ್ನೊಂದು ವರ್ಷ ಊರಿನ ಕಾವಿನ ಕಾರ್ಖಾನೆಯಲ್ಲಿ ಆರಿಸುವ ಮೇಜಿನ ಮುಂದೆ ನಿಂತವರು ಅವರು. ಬಿಳಿ ಕಾವು ಬಲಕ್ಕೆ, ಕೆಂಪು ಕಾವು ಎಡಕ್ಕೆ. ಮರದ ಹೊರಭಾಗ ಬಿಳಿ, ಒಳಗಿನ ಚೇಗು ಕೆಂಪು. ಬಿಳಿಯದಕ್ಕೆ ಮೊದಲ ದರ್ಜೆ, ಕೆಂಪಿನದು ಬಣ್ಣ ಬಳಿದುಕೊಂಡು ಅಗ್ಗದ ಅಂಗಡಿಗೆ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿತು. ಆರ್ಫಾ ಮನೆಯಲ್ಲೇ ಕೆಲಸ ಶುರು ಮಾಡಿದರು, ಆದರೆ ಆ ಮೇಜು ತಲೆಯಿಂದ ಹೋಗಲಿಲ್ಲ. ತಮ್ಮ ಚಪ್ಪರದಲ್ಲೂ ಕೆಂಪು ತುಂಡುಗಳನ್ನು ಹೊಗೆಮನೆಗೆ ಸೌದೆ ಎಂದು ಒಟ್ಟುತ್ತಲೇ ಬಂದರು.

ಆರು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಆರ್ವಿಲ್ ಗ್ರಿಂಡ್‌ಸ್ಟಾಫ್ ಊರುಗೋಲಿನ ಮೇಲೆ ಅಂಗಳಕ್ಕೆ ಬಂದರು. ಮೇಲಿನ ರಕ್ಷಿತ ಕಾಡಿನಲ್ಲಿ ಯಂತ್ರದ ಗರಗಸಕ್ಕೆ ಅಪ್ಪಣೆ ಇಲ್ಲ. ಕಾಲುದಾರಿಗೆ ಬಿದ್ದ ಮರಗಳನ್ನು ಕೊಡಲಿಯಲ್ಲೇ ಕಡಿದು ಸರಿಸುವ ತಂಡಕ್ಕೆ ಆರ್ವಿಲ್ ಮುಖ್ಯಸ್ಥ. ಆ ತಂಡದ ಕೊಡಲಿಗಳೆಲ್ಲ ಆರ್ಫಾರ ಕಾವಿನವು.

"ಏನೋ ಇದು, ಕಾಲಿಗೇನಾಯ್ತೋ?"

"ಹನ್ನೊಂದು ಹೊಲಿಗೆ, ಚಿಕ್ಕಮ್ಮ. ಕೊಡಲಿ ಹಾರಿ ಮೊಣಕಾಲ ಕೆಳಗೆ ಬಂತು. ನಿನ್ನ ಬೈಯೋಕೆ ಬಂದಿಲ್ಲ. ಇದನ್ನ ನೀನು ನೋಡ್ಬೇಕು ಅಂತ ಬಂದೆ" ಎಂದು ಆರ್ವಿಲ್ ಜೋಳಿಗೆಯಿಂದ ಮುರಿದ ಕಾವಿನ ಎರಡು ತುಂಡು ತೆಗೆದರು.

ಆರ್ಫಾರ ಮುಖ ಸಪ್ಪಗಾಯಿತು. ಕಾವು ಮುರಿದದ್ದು ದೊಡ್ಡದಲ್ಲ, ಎಲ್ಲ ಕಾವೂ ಒಂದು ದಿನ ಮುರಿಯುತ್ತದೆ. ಇದು ಮುರಿದ ರೀತಿ ಬೇರೆ ಇತ್ತು.

"ಒಳ್ಳೆ ಹಿಕರಿ ಹೇಳಿ ಮುರಿಯುತ್ತೆ" ಎಂದು ಈಗ ಅವರು ವಿವರಿಸುತ್ತಾರೆ. "ಮೊದ್ಲು ಚುರುಕ್ ಅನ್ನುತ್ತೆ. ಆಮೇಲೆ ಉದ್ದುದ್ದ ಸಿಬರು ಏಳುತ್ತೆ. ಅಷ್ಟಾದ್ರೂ ತುಂಡು ಬೀಳಲ್ಲ, ನಾರಲ್ಲಿ ನೇತಾಡ್ತಾ ಇರುತ್ತೆ. ಕೆಲಸದವನು ಕೊಡಲಿ ಕೆಳಗಿಡೋಕೆ ಪುರಸೊತ್ತು ಕೊಡುತ್ತೆ. ಆರ್ವಿಲ್ ತಂದಿದ್ದು ಗಜ್ಜರಿ ಮುರಿದ ಹಾಗೆ ಅಡ್ಡಕ್ಕೆ ಕಟ್ ಆಗಿತ್ತು. ಒಂದು ಸಿಬರೂ ಇಲ್ಲ."

ಅದು ಅಚ್ಚ ಬಿಳಿ ಕಾವು. ಎಳೆ ನೇರ, ಗಂಟಿಲ್ಲ, ಹುಳ ಇಲ್ಲ. ಕಾರ್ಖಾನೆಯ ಮೇಜಿನಲ್ಲಾದರೆ ಕಣ್ಣು ಮುಚ್ಚಿ ಬಲಕ್ಕೆ ಹೋಗುವಂಥದ್ದು. ಆರ್ಫಾ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ತುದಿಯನ್ನು ಹರಿತ ಕತ್ತಿಯಿಂದ ಸವರಿ, ಒದ್ದೆ ಮಾಡಿ, ಹೋಯ್ಟ್‌ರ ಓದುವ ಕನ್ನಡಕ ಕಸಿದುಕೊಂಡು ಕಿಟಕಿಯ ಬಳಿ ಕೂತರು. ಒಂದು ಅಂಗುಲದಲ್ಲಿ ನಲವತ್ತಮೂರು ಬಳೆ. ಕೂದಲೆಳೆಯಂತೆ ಒತ್ತೊತ್ತು. ಹಳೆಯ, ಹತ್ತು ವರ್ಷ ದುಡಿದ ಕಾವೊಂದನ್ನು ಕೊಯ್ದು ನೋಡಿದರು. ಅಲ್ಲಿ ಅಂಗುಲಕ್ಕೆ ಒಂಬತ್ತೇ.

"ಒತ್ತೊತ್ತಾಗಿದ್ರೆ ಗಟ್ಟಿ ತಾನೇ?" ಹೋಯ್ಟ್ ಕೇಳಿದರು.

"ನಾನೂ ಹಾಗೇ ಅಂದ್ಕೊಂಡಿದ್ದೆ ಮಾರಾಯ. ಇಲ್ಲಿ ನೋಡು, ಪ್ರತಿ ಬಳೆ ಶುರುವಿನಲ್ಲೂ ಸೂಜಿ ಚುಚ್ಚಿದ ಹಾಗೆ ತೂತಿನ ಸಾಲು. ವಸಂತದಲ್ಲಿ ನೀರು ಕುಡಿಯೋಕೆ ಮರ ಮಾಡ್ಕೊಂಡಿದ್ದು. ಗಟ್ಟಿ ಭಾಗ ಬರೋದು ಆಮೇಲೆ, ಬೇಸಿಗೇಲಿ. ಈ ಬಡಪಾಯಿ ಮರಕ್ಕೆ ಬೇಸಿಗೇಲಿ ಬೆಳೆಯೋಕೇ ಆಗಿಲ್ಲ. ಬರೀ ತೂತಿನ ಮೇಲೆ ತೂತು."

ಆಗ ಎಲ್ಲ ನೆನಪಾಯಿತು. ಯಾವಾಗಲೂ ಮರ ತರುವುದು ಕಣಿವೆಯ ತಂಪು, ಕಪ್ಪು ಮಣ್ಣಿನಿಂದ. ಈ ಕಾವಿನ ಮರ ತಂದ ವರ್ಷ ಅಲ್ಲಿ ಸಿಗದೆ, ಗುಡ್ಡದ ನೆತ್ತಿಯ ಬಂಡೆಗಳ ನಡುವೆ ಬಿದ್ದಿದ್ದ ಒಂದು ಹಳೆಯ ಮರ ತಂದಿದ್ದರು. ಕತ್ತಿಗೆ ಅದು ಬೆಣ್ಣೆಯಂತೆ ಬಂದಿತ್ತು. ಕೈಗೆ ಹಗುರವಿತ್ತು. "ಎಷ್ಟು ಖುಷಿ ಪಟ್ಟಿದ್ದೆ ಗೊತ್ತಾ? ಮರ ಬಾಯಿಬಿಟ್ಟು ಹೇಳ್ತಾ ಇತ್ತು, ನನ್ನಲ್ಲಿ ತ್ರಾಣ ಇಲ್ಲ ಅಂತ. ನಾನು ಬಿಳುಪು ನೋಡ್ತಾ ಕೂತಿದ್ದೆ."

ಪ್ರತಿ ಮರಕ್ಕೂ ಆರ್ಫಾ ಒಂದೊಂದು ಗುರುತು ಇಟ್ಟು, ಅದರ ಕಾವುಗಳ ಬುಡಕ್ಕೆ ಕಾಸಿದ ಕಬ್ಬಿಣದಿಂದ ಸುಟ್ಟು ಮೂಡಿಸುತ್ತಾರೆ. ನೆತ್ತಿಯ ಮರದ ಗುರುತು ಎರಡು ಓರೆ ಗೀರು. ಆ ಗುರುತಿನ ಕಾವು ಮೂವತ್ತೊಂದು ಹೊರಗೆ ಹೋಗಿದ್ದವು. ಒಂದು ಆರ್ವಿಲ್‌ರದು. ಉಳಿದ ಮೂವತ್ತನ್ನೂ ವಾಪಸ್ ತರುತ್ತೇನೆ ಎಂದು ಆರ್ಫಾ ಹೇಳಿದಾಗ ಹೋಯ್ಟ್ ತಲೆ ಕೆರೆದುಕೊಂಡರು. "ತಂದು? ಅವರಿಗೆ ಕೊಡೋಕೆ ಏನಿದೆ ನಿನ್ನ ಹತ್ರ? ಅಟ್ಟದ ಮೇಲಿನ ಮರ ಇನ್ನೂ ಹಸಿ."

ಒಣಗಿದ್ದು ಎಂದರೆ ಹೊಗೆಮನೆಯ ಪಕ್ಕ ಒಟ್ಟಿದ್ದ ಕೆಂಪು ತುಂಡುಗಳು ಮಾತ್ರ. ಕಣಿವೆಯ ಮರದವು, ಬಳೆ ಅಗಲ, ತೂಕ ಭಾರ. ಆರ್ಫಾ ಹತ್ತು ಕೆಂಪು ಕಾವು ಹೆರೆದರು. ಆಮೇಲೆ ನಡೆದದ್ದನ್ನು ನೆರೆಮನೆಯವರು ಇಂದಿಗೂ ಹೇಳಿ ನಗುತ್ತಾರೆ. ಎರಡು ಕೊರಡಿನ ನಡುವೆ ಕಾವು ಅಡ್ಡ ಇಟ್ಟು, ಅದರ ಮೇಲೆ ಹೋಯ್ಟ್‌ರನ್ನು ನಿಲ್ಲಿಸಿದರು.

"ಕುಣಿ."

"ನನಗೆ ಅರವತ್ತೈದು ಕಣೇ!"

"ಹಾಗಾದ್ರೆ ಮೆಲ್ಲಗೆ ಕುಣಿ."

ಹತ್ತೂ ಕೆಂಪು ಕಾವು ಬಿಲ್ಲಿನಂತೆ ಬಾಗಿ ಎದ್ದು ನಿಂತವು. ಮನೆಬಳಕೆಯ ಕೊಡಲಿಗಳಿಂದ ಬಿಚ್ಚಿದ ಬಿಳಿಯವೂ ಐದು ಇಟ್ಟು ನೋಡಿದರು, ಕಣಿವೆಯ ಮರದವು. ಅವೂ ಹಾಗೇ. ಎರಡಕ್ಕೂ ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಮನೆಯಲ್ಲಿ ಮಾರದೆ ಉಳಿದಿದ್ದ, ಎರಡು ಗೀರಿನ ಗುರುತಿನ ಒಂದು ಕಾವು. ಹೋಯ್ಟ್ ಎರಡನೇ ಸಲ ಕುಣಿದಾಗ ಟಪ್ ಎಂದಿತು. ಅವರು ಮರದ ಹೊಟ್ಟಿನ ರಾಶಿಯ ಮೇಲೆ ಕೂತಿದ್ದರು.

"ಸಾಬೀತಾಯ್ತಾ ತಾಯಿ, ಏಳ್ಲಾ?" ಎಂದರಂತೆ.

ಆರ್ಫಾ ನಗಲಿಲ್ಲ. ಒಳಗೆ ಹೋಗಿ ತಾಯಿಯ ಕುರ್ಚಿಯ ಮೇಲೆ ಕೂತು ಅತ್ತರು. "ಹನ್ನೊಂದು ವರ್ಷ ಎಡಕ್ಕೆ ಎಸೆದೆ. ದಿನಕ್ಕೆ ಸಾವಿರ ಕಾವು ನೋಡ್ತಿದ್ದೆ. ಒಂದನ್ನೂ ಬಗ್ಗಿಸಿ ನೋಡ್ಲಿಲ್ಲ. ಯಾರೋ ಹೇಳಿದ್ರು, ನಾನು ಮಾಡಿದೆ. ಒಳ್ಳೆ ಮರ ಎಲ್ಲಾ ಸೌದೆಯಾಯ್ತು."

ಆ ಬೇಸಿಗೆಯಿಡೀ ಹಳೆಯ ಪಿಕಪ್ ಗಾಡಿಯ ಹಿಂದೆ ಕೆಂಪು ಕಾವು ಪೇರಿಸಿಕೊಂಡು ಗಂಡ ಹೆಂಡತಿ ಊರೂರು ಅಲೆದರು. ಕಾಡಿನ ತಂಡದಲ್ಲಿ ಹದಿನಾಲ್ಕು. ಕುದುರೆಗೆ ಲಾಳ ಕಟ್ಟುವವರ ಮನೆಯಲ್ಲಿ ಎರಡು. ಒಂದು ಕಾವು ಚರ್ಚಿನ ಸೌದೆಮನೆಯಲ್ಲಿ ಸಿಕ್ಕಿತು. ಕೆಂಪು ಕಂಡು ಮೂಗು ಮುರಿದವರೇ ಹೆಚ್ಚು. "ಅಗ್ಗದ ಮಾಲು ತಂದು ನಮ್ಮ ತಲೆಗೆ ಕಟ್ತೀಯಾ?" ಎಂದವರೂ ಉಂಟು. ಆರ್ಫಾ ವಾದ ಮಾಡಲು ಹೋಗಲಿಲ್ಲ. "ಒಂದು ವರ್ಷ ಕಡೀರಿ. ಸರಿ ಬರಲಿಲ್ಲ ಅಂದ್ರೆ ಬಿಳೀದು ತಂದ್ಕೊಡ್ತೀನಿ" ಎಂದಷ್ಟೇ ಹೇಳಿದರು. ಹಳೆಯ ಕಾವನ್ನು ಅವರ ಕಣ್ಣೆದುರೇ ಕೊಡಲಿಯಿಂದ ಬಿಚ್ಚಿ, ಹೊಸದನ್ನು ಕೂರಿಸಿ, ಬೆಣೆ ಹೊಡೆದು ಕೊಟ್ಟರು.

ವರ್ಷ ಕಳೆದ ಮೇಲೆ ಬಿಳಿಯದು ಕೇಳಿಕೊಂಡು ಬಂದವರು ಇಬ್ಬರೇ. ಆರ್ವಿಲ್‌ರ ಕಾಲು ಪೂರ್ತಿ ವಾಸಿಯಾಗಿದೆ, ಮಳೆಗೆ ಮುಂಚೆ ಕೊಂಚ ನೋಯುತ್ತದಂತೆ. ಈಗ ಅವರ ತಂಡ ಬಣ್ಣದ ಮಾತೇ ಎತ್ತುವುದಿಲ್ಲ. "ಚಿಕ್ಕಮ್ಮ, ಬಳೆ ಎಣಿಸಿದ್ಯಾ?" ಎಂದು ಕೇಳಿ ಛೇಡಿಸುತ್ತಾರೆ. ಆರ್ಫಾ ಎಣಿಸಿಯೇ ಇರುತ್ತಾರೆ. ಅಂಗುಲಕ್ಕೆ ಹದಿನೇಳು ದಾಟಿದರೆ ಆ ದಿಮ್ಮಿ ನೇರ ಹೊಗೆಮನೆಗೆ.

ಬಿಸಿಲು ಗುಡ್ಡದ ನೆತ್ತಿಯಿಂದ ಇಳಿದು ಚಪ್ಪರಕ್ಕೆ ತಲುಪಿದೆ. ಹೋಯ್ಟ್ ಮನೆಯಲ್ಲೇ ಸುಟ್ಟ ಮೆತ್ತನೆ ಬಿಸ್ಕೆಟ್ಟಿಗೆ ಜೋಳದ ದಂಟಿನ ಜೋನಿಬೆಲ್ಲ ಸವರಿ ತಂದಿಟ್ಟಿದ್ದಾರೆ. ಆರ್ಫಾರ ಕೈಗೆ ಪುರಸೊತ್ತಿಲ್ಲ, ಒಣಗುವಾಗ ಬಿರಿಯದಿರಲೆಂದು ಸೀಳಿದ ಹೋಳುಗಳ ತುದಿಗೆ ಮೇಣ ಹಚ್ಚುತ್ತಿದ್ದಾರೆ. ಕೆಂಪು, ಬಿಳಿ ಎರಡೂ ಒಂದೇ ಒಟ್ಟಿಲಿನಲ್ಲಿ.

ಮೂವತ್ತೂ ಸಿಕ್ಕಿದವೇ ಎಂದು ಕೇಳಿದರೆ ಕೈ ನಿಲ್ಲುತ್ತದೆ.

"ಇಪ್ಪತ್ತೊಂಬತ್ತು. ಒಂದು ಸಿಕ್ಕಿಲ್ಲ. ತಗೊಂಡವನು ಊರು ಬಿಟ್ಟ. ಹೋಗೋ ಮುಂಚೆ ಮನೆ ಸಾಮಾನೆಲ್ಲ ಅಂಗಳದಲ್ಲಿಟ್ಟು ಮಾರಿದ್ನಂತೆ. ಯಾರು ಕೊಂಡ್ರೋ ಗೊತ್ತಿಲ್ಲ."

ಆರು ವರ್ಷದಿಂದ ಶನಿವಾರ ಬಂತೆಂದರೆ ಆರ್ಫಾ ಹಳೆಸಾಮಾನು ಮಾರುವ ಅಂಗಳಗಳನ್ನು ಸುತ್ತುತ್ತಾರೆ. ಎಲ್ಲಿ ಕೊಡಲಿ ಕಂಡರೂ ಎತ್ತಿ, ಕಾವಿನ ಬುಡ ತಿರುಗಿಸಿ, ಎರಡು ಓರೆ ಗೀರು ಹುಡುಕುತ್ತಾರೆ. ಮುದುಕಿಗೆ ಇನ್ನೆಷ್ಟು ಕೊಡಲಿ ಬೇಕು ಎಂದು ಪರಿಚಯವಿಲ್ಲದವರು ಗೊಣಗುವುದೂ ಉಂಟು.

"ಮಳೇಲಿ ನೆನೆದು ಲಡ್ಡಾಗಿರಬಹುದು. ಒಲೆಗೆ ಹೋಗಿದ್ರೆ ಇನ್ನೂ ಒಳ್ಳೇದು. ಆದ್ರೆ ಯಾರೋ ನಾಳೆ ಬೆಳಿಗ್ಗೆ ಅದನ್ನೇ ಎತ್ತಿ ಬೀಸಿದ್ರೆ?" ಎನ್ನುತ್ತಾ ಅವರು ಪಿಕಪ್‌ನ ಬಾಗಿಲು ತೆರೆದು, ಸೀಟಿನ ಹಿಂದಿನಿಂದ ಬಟ್ಟೆ ಸುತ್ತಿದ ಒಂದು ಕೆಂಪು ಕಾವು ತೆಗೆದು ತೋರಿಸುತ್ತಾರೆ. ಹೊಳೆಯುತ್ತಿದೆ.

"ಆ ಕಾವು ಯಾರ ಹತ್ರ ಇದ್ಯೋ, ಇದು ಅವರದ್ದು. ವರ್ಷಕ್ಕೊಂದ್ಸಲ ಎಣ್ಣೆ ಹಚ್ಚಿಡ್ತೀನಿ."