ಕರುವಿಗೂ ಎಮ್ಮೆಗೂ ನಡುವೆ ಒಂದು ಗೇಟು

"ದತ್ತಾ! ಏ ದತ್ತಾ! ಏಳೋ ನನ್ನಪ್ಪಾ, ಗೇಟ್ ತಗಿ!"

ಇನ್ನೂ ಪೂರ್ತಿ ಬೆಳಕಾಗಿಲ್ಲ. ಧೂಳಮ್ಮ ಒದ್ದೆ ಸೀರೆಯಲ್ಲಿ ನಡುಗುತ್ತ ಕಬ್ಬಿಣದ ಗೇಟನ್ನು ಅಲ್ಲಾಡಿಸುತ್ತಿದ್ದಾರೆ. ಅವರ ಹಿಂದೆ, ಈಗಷ್ಟೇ ನೀರಿನಿಂದ ಮೇಲೆ ಬಂದ ಎಮ್ಮೆಗಳು ಮೈಯಿಂದ ನೀರು ಸುರಿಸುತ್ತ ನಿಂತಿವೆ. ಗೇಟಿನ ಆಚೆಗಿನ ದೊಡ್ಡಿಯಲ್ಲಿ ಅವುಗಳ ಕರುಗಳು ಹಸಿದು ಕೂಗುತ್ತಿವೆ. ತಾಯಂದಿರು ಇತ್ತ, ಮಕ್ಕಳು ಅತ್ತ, ನಡುವೆ ಬೀಗ. ಚಾವಿ ಇಟ್ಟುಕೊಂಡ ಕಾವಲುಗಾರ ದತ್ತಾತ್ರಿ ಟಿಕೆಟ್ ಕೌಂಟರಿನೊಳಗೆ ಮುಸುಕು ಹೊದ್ದು ಮಲಗಿದ್ದಾನೆ.

ಅಂತೂ ಎದ್ದು ಬರುತ್ತಾನೆ. "ದೊಡ್ಡವ್ವಾ, ಒಂಬತ್ತರ ಒಳಗ ತಗೀಬ್ಯಾಡ ಅಂತ ಆರ್ಡರ್ ಐತಿ. ನನ್ನ ನೌಕರಿ ಕಳಿಯಾಕ ಕುಂತಿಯೇನು?" ಎಂದು ಗೊಣಗುತ್ತಲೇ ಬೀಗ ತೆಗೆಯುತ್ತಾನೆ. ಎಮ್ಮೆಗಳು ಅವನನ್ನು ತಳ್ಳಿಕೊಂಡೇ ಕರುಗಳತ್ತ ನುಗ್ಗುತ್ತವೆ. ಇದು ದಿನಾ ನಡೆಯುವ ಕಥೆ. ಅವನ ಕಣ್ಣು ಬೇಗ ಬಿಟ್ಟರೆ ಧೂಳಮ್ಮನ ಪುಣ್ಯ, ಇಲ್ಲದಿದ್ದರೆ ಹಾಲು ಹೊತ್ತೊಯ್ಯುವ ಟೆಂಪೊ ಹೊರಟೇ ಹೋಗುತ್ತದೆ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಒಳದಾರಿ ಹಿಡಿದರೆ ಸಿಗುವ ಸಣ್ಣ ಜಲಾಶಯವಿದು. ಒಡ್ಡು ಕಟ್ಟಿ ನೀರು ನಿಲ್ಲಿಸಿದಾಗ ಹೊಲಗಳೆಲ್ಲ ಮುಳುಗಿ, ಎತ್ತರದ ಕೆಂಪು ನೆಲವೊಂದು ನಡುಗಡ್ಡೆಯಾಗಿ ಉಳಿಯಿತು. ಜನ ಅದನ್ನು ಮಡ್ಡಿ ಎನ್ನುತ್ತಾರೆ. ಅಲ್ಲಿ ದನ ಮೇಯಿಸುವ ಏಳೆಂಟು ಮನೆಗಳಿದ್ದವು. ಸುತ್ತ ನೀರು, ನಡುವೆ ಹುಲ್ಲು, ಯಾರ ಹೊಲಕ್ಕೂ ಎಮ್ಮೆ ನುಗ್ಗೀತೆಂಬ ತಂಟೆಯಿಲ್ಲ. ಧೂಳಮ್ಮ ಮದುವೆಯಾಗಿ ಬಂದದ್ದೇ ಆ ಮಡ್ಡಿಗೆ. ಈಗ ಅರವತ್ತರ ಆಸುಪಾಸು.

ಇವರ ಹೈನುಗಾರಿಕೆಯ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಎಮ್ಮೆಗಳ ರಾತ್ರಿ ವಾಸ ಮಡ್ಡಿಯ ಮೇಲೆ. ಕರುಗಳ ವಾಸ ಈಚೆ ದಂಡೆಯ ದೊಡ್ಡಿಯಲ್ಲಿ, ಧೂಳಮ್ಮನ ಸೊಸೆ ಉಮಾದೇವಿಯ ಕಾವಲಿನಲ್ಲಿ. ನಸುಕಿನಲ್ಲಿ ಕರು ಕೂಗುತ್ತದೆ, ತಾಯಿ ನೀರಿಗಿಳಿಯುತ್ತದೆ. ಮುಂದಿನ ಎಮ್ಮೆಯ ಬಾಲ ಹಿಡಿದು ಧೂಳಮ್ಮನೂ ಈಜುತ್ತಾರೆ. ದಂಡೆ ಹತ್ತಿ, ಕರು ಬಿಟ್ಟು, ಅಲ್ಲೇ ಹಿಂಡಿದರೆ ಹಾಲು ನೇರ ಟೆಂಪೊಗೆ. ಹಾಲಿನ ಕ್ಯಾನು ಹೊತ್ತು ನೀರು ದಾಟುವ ಪ್ರಮೇಯವೇ ಇಲ್ಲ. ಹಗಲು ಎಮ್ಮೆಗಳನ್ನು ದೊಡ್ಡಿಯ ಬಳಿಯೇ ಇರಿಸಿಕೊಂಡು, ಸಂಜೆ ದಂಡೆ ಖಾಲಿಯಾದ ಮೇಲೆ ಮತ್ತೊಮ್ಮೆ ಹಿಂಡಿ ಮಡ್ಡಿಗೆ ಅಟ್ಟುತ್ತಾರೆ.

ಎಮ್ಮೆ ಹತ್ತಲು ಇರುವ ಜಾಗ ಒಂದೇ, ನೀರಿನೊಳಗಿಂದ ಮೇಲಕ್ಕೆ ಹಾಸಿದಂತಿರುವ ಗಟ್ಟಿ ಕಲ್ಲಿನ ದಂಡೆ. ಉಳಿದ ಕಡೆಯೆಲ್ಲ ಎರೆಮಣ್ಣಿನ ಹೂಳು. ಈಚೆಗೆ ಪ್ರವಾಸಿಗರಿಗೆಂದು ಬೋಟಿಂಗ್ ಕೇಂದ್ರ ಎದ್ದಿರುವುದು ಆ ಕಲ್ಲಿನ ಮೇಲೆಯೇ.

ಅಷ್ಟು ಸರಿಯಾಗಿ ಅದೇ ಜಾಗ ಕೇಂದ್ರದವರಿಗೆ ಸಿಕ್ಕಿದ್ದು ಹೇಗೆ ಎಂದು ಕೇಳಿದರೆ ಧೂಳಮ್ಮ ಹಣೆ ಬಡಿದುಕೊಳ್ಳುತ್ತಾರೆ.

"ನಾನೇ ತೋರ್ಸೀನ್ರಿ ಸರ! ಯಾರ ಮ್ಯಾಲ ಸಿಟ್ಟ ಮಾಡ್ಲಿ? ಜೀಪಿನ್ಯಾಗ ಬಂದ್ರು, ಅವ್ವಾ ಇಲ್ಲಿ ಗಟ್ಟಿ ದಂಡಿ ಯಾವದು ಅಂದ್ರು. ಬಂದ ಮಂದಿ ದಾರಿ ಕೇಳಿದ್ರ ಸುಳ್ಳ ಹೇಳಾಕ ಬರತದೇನು? ಎಮ್ಮಿ ಕರಕೊಂಡು ಈಜಿ ಬಂದು, ಇದೇ ನೋಡ್ರಿ, ಎಷ್ಟ ಮಂದಿ ನಿಂತ್ರೂ ಕುಸಿಯಂಗಿಲ್ಲ ಅಂದೆ. ಮ್ಯಾಲ ಮಜ್ಜಗಿ ಬ್ಯಾರೆ ಕುಡಿಸಿ ಕಳಿಸೀನಿ."

ಮಜ್ಜಿಗೆ ಕುಡಿದವರು ಮರಳಿ ಬಂದದ್ದು ಸಿಮೆಂಟು, ಟೈಲ್ಸ್ ಜೊತೆಗೆ. ಕಲ್ಲಿನ ಮೇಲೆ ಮುಖ ಕಾಣುವಷ್ಟು ನುಣುಪಾದ ಟೈಲ್ಸ್ ಹಾಸಿದರು. ನೀರಿನಂಚಿಗೆ ನುಣುಪು ಟೈಲ್ಸ್! ಮನುಷ್ಯರೇ ಜಾರಿ ಬೀಳುತ್ತಾರೆ, ಎಮ್ಮೆಯ ಪಾಡೇನು? ಹೀಗಾಗಿ ಧೂಳಮ್ಮ ಈಗ ಮೊದಲು ತಾವು ಮೇಲೆ ಬಂದು, ಅಲ್ಲಿಟ್ಟಿರುವ ಗೋಣಿಚೀಲಗಳನ್ನು ಹಾಸಿ, ಆಮೇಲೆ ಎಮ್ಮೆಗಳನ್ನು ಕರೆಯುತ್ತಾರೆ. ಪ್ರವಾಸಿಗರು ಬರುವ ಮುಂಚೆ ಚೀಲ ಎತ್ತಿಡಬೇಕೆಂಬುದು ಇನ್ನೊಂದು ಆರ್ಡರ್.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಬೋಟಿಂಗ್ ಶುರುವಾದ ವಾರದಲ್ಲೇ, ವಾಸನೆ ಬರುತ್ತದೆಂದು ಕೇಂದ್ರದವರು ಕರುಗಳನ್ನು ಹಿಡಿದೊಯ್ದು ದಂಡೆಯ ಇನ್ನೊಂದು ಮಗ್ಗುಲಿಗೆ ಕಟ್ಟಿದರು. ಉಮಾದೇವಿ ಬೇಡವೆಂದು ಕೂಗಾಡಿದರೂ ಕೇಳಲಿಲ್ಲ. ಮರುದಿನ ನಸುಕಿನಲ್ಲಿ ಕರು ಕೂಗಿದ ಕಡೆಗೇ ತಾಯಂದಿರು ಈಜಿದವು. ಧೂಳಮ್ಮ ಎಷ್ಟು ಹೊರಳಿಸಿದರೂ ತಿರುಗಲಿಲ್ಲ. ಚಂದ್ರಿ ಎಂಬ ಎಮ್ಮೆ ಕುತ್ತಿಗೆವರೆಗೆ ಹೂಳಿನಲ್ಲಿ ಹೂತುಹೋಯಿತು. ಹಗ್ಗ ಕಟ್ಟಿ ಎಳೆದು ಹೊರತಂದಾಗ ಜೀವವಿತ್ತು, ಮಧ್ಯಾಹ್ನಕ್ಕೆ ಇರಲಿಲ್ಲ.

"ಕರು ಅಕಿ ಮುಂದನ ಒದರಾಕತ್ತಿತ್ರಿ," ಎನ್ನುತ್ತಾರೆ ಧೂಳಮ್ಮ.

ಗಲಾಟೆಯಾದ ಮೇಲೆ ಕರುಗಳು ಹಳೆಯ ದೊಡ್ಡಿಗೆ ಮರಳಿದವು. ಪ್ರತಿಯಾಗಿ ಕಲ್ಲಿನ ದಂಡೆಗೂ ದೊಡ್ಡಿಗೂ ನಡುವೆ ಗೇಟು ಬಂತು. ಒಂದೊಂದೇ ಮನೆಯವರು ಬೇಸತ್ತು ಎಮ್ಮೆ ಮಾರಿದರು. ಕೆಲವರು ಮನ್ನಾಏಖೇಳ್ಳಿಯ ಹೆದ್ದಾರಿ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದಾರೆ. ಮಡ್ಡಿಯ ಮೇಲೆ ಈಗ ಒಲೆ ಉರಿಯುವುದು ಧೂಳಮ್ಮನದೊಂದೇ. ಗೇಟಿನ ಪಕ್ಕದ ಬೋರ್ಡಿನಲ್ಲಿ ಮಾತ್ರ 'ದ್ವೀಪದ ಜನಜೀವನ ನೋಡಬನ್ನಿ' ಎಂದು ಬರೆದಿದೆ. ಇರುವ ಜನರನ್ನೆಲ್ಲ ಓಡಿಸಿ ಯಾವ ಜನಜೀವನ ತೋರಿಸುತ್ತಾರೋ, ದೇವರೇ ಬಲ್ಲ.

ಟೆಂಪೊ ಓಡಿಸುವ ವಜೀರ್ ಹುಮನಾಬಾದಿನ ಚಹಾದಂಗಡಿಗಳಿಗೆ ಹಾಲು ಮುಟ್ಟಿಸುತ್ತಾರೆ. ಅವರೂ ಹೈರಾಣಾಗಿದ್ದಾರೆ. "ಅಂಗಡ್ಯಾಂವ ಫೋನ್ ಮ್ಯಾಲ ಫೋನ್ ಹಚ್ಚಾಕತ್ತಾನ್ರಿ. ಗೇಟ್ ತಗದಿಲ್ಲ ಅಂದ್ರ, ಎಮ್ಮಿ ಹಿಂಡಾಕ ಗೇಟ್ ಯಾಕ ಬೇಕಲೇ ಅಂತಾನ. ಅವಂಗ ಹ್ಯಾಂಗ ಹೇಳ್ಲಿ?"

ಬೋಟಿಂಗ್ ನಡೆಸುವ ಗುತ್ತಿಗೆದಾರರ ಮ್ಯಾನೇಜರಿಗೆ ನಾನೇ ಫೋನ್ ಮಾಡಿದೆ. ದನಿಯಲ್ಲಿ ಬೆಣ್ಣೆ. "ಸ್ಥಳೀಯರಿಗೆ ನಾವು ತುಂಬಾ ಮಹತ್ವ ಕೊಡ್ತೀವಿ ಸರ್. ಎಮ್ಮೆ ಈಜೋದು ಟೂರಿಸ್ಟ್‌ಗಳಿಗೆ ಭಾರೀ ಇಷ್ಟ. ಹತ್ತು ಗಂಟೆಗೆ ಒಂದು, ನಾಲ್ಕು ಗಂಟೆಗೆ ಒಂದು ಶೋ ಕೊಡಿ, ಗೇಟ್ ನಾವೇ ತೆಗೀತೀವಿ ಅಂದ್ವಿ. ಆಯಮ್ಮನೇ ಸಹಕರಿಸ್ತಿಲ್ಲ."

ಈ ಮಾತು ತಿಳಿಸಿದರೆ ಧೂಳಮ್ಮ ಸೆರಗು ಹಿಂಡುತ್ತಿದ್ದವರು ಅದನ್ನೂ ಬಿಟ್ಟು ನನ್ನತ್ತ ತಿರುಗುತ್ತಾರೆ. "ಹತ್ತು ಗಂಟೀತನ ಕೆಚ್ಚಲ ಬಿಗದು ಎಮ್ಮಿ ಅಲ್ಲಿ ಒದರಬೇಕು, ಹಸದು ಕರು ಇಲ್ಲಿ ಒದರಬೇಕು, ಮಂದಿ ಫೋಟೋ ಹೊಡೀಬೇಕು. ನಿಮ್ಮ ಕೂಸಿಗೆ ಹಂಗ ಮಾಡ್ತೀರೇನ್ರಿ ಅಂತ ಕೇಳ್ದೆ. ನಕ್ಕ ಬಿಟ್ರು."

ಹಾಗಾದರೆ ಎಮ್ಮೆ ಮಾರಿ ನೀವೂ ಹೋಗಬಹುದಲ್ಲ ಎಂದು ಕೇಳುತ್ತೇನೆ. ಕೇಳಿದ ಮೇಲೆ ನನಗೇ ನಾಚಿಕೆಯಾಗುತ್ತದೆ.

"ಯಾಕ ಹೋಗ್ಲಿ? ಬೋಟ್ ಬಂದ್ ಮಾಡ್ರಿ ಅಂತ ನಾ ಎಂದೂ ಅಂದಿಲ್ಲ. ದೂರಿಂದ ಬರ್ತಾರ, ನೀರ ನೋಡಿ ಖುಷಿ ಪಡ್ತಾರ, ಪಡ್ಲಿ." ಕೊನೆಯ ಕ್ಯಾನನ್ನು ಟೆಂಪೊಗೆ ಎತ್ತಿಕೊಟ್ಟು ಕೈ ಒರೆಸಿಕೊಳ್ಳುತ್ತಾರೆ. "ಪೇಪರಿನ್ಯಾಗ ಒಂದ ಮಾತ ಬರೀರಿ ಸರ. ಇನ್ನೊಂದ ಚಾವಿ ಮಾಡಿಸಿ ನನ್ನ ಕೈಯಾಗ ಕೊಡ್ಲಿ. ನಸುಕಿನ್ಯಾಗ ಒಂದ ತಾಸು ಸಾಕು. ಕರು ಕುಡಿಸಿ, ಹಾಲ ಹಿಂಡಿ, ಸೆಗಣಿ ಬಳದು, ಅವರ ಟೈಲ್ಸ್ ತೊಳದು, ಮಂದಿ ಬರೋದ್ರಾಗ ನಾನೇ ಕೀಲಿ ಹಾಕತೇನಿ. ನಾವು ಇಲ್ಲಿದ್ವಿ ಅಂತ ಯಾರಿಗೂ ಗೊತ್ತಾಗಂಗಿಲ್ರಿ."